ಭಯಾನಕ ಚಲಚ್ಚಿತ್ರಗಳೂ ಅವುಗಳ ಪ್ರಚಾರವಿಧಾನಗಳೂ

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಎಣಿಸಿರುವ ಎಂಟು ರಸಗಳಲ್ಲಿ ಭಯಾನಕವೂ ಒಂದಾಗಿದೆ. ಲೋಕವ್ಯವಹಾರದಲ್ಲಿ ಕೇವಲ ದುಃಖಕರವಾದ ಭಯವು ರಂಗಭೂಮಿಯ ಮೇಲೆ ಆಸ್ವಾದಯೋಗ್ಯವಾಗುವುದು ಹೇಗೆಂಬ ಪ್ರಶ್ನೆಯನ್ನು ಆಲಂಕಾರಿಕರು ಬಹುವಾಗಿ ವಿಚಾರಿಸಿದ್ದಾರೆ. ಕಾಡಿನಲ್ಲಿ ಹುಲಿಯನ್ನು ಕಂಡವನು ಓಡಿಹೋಗುತ್ತಾನೆ. ಆಟದಲ್ಲಿ ಹುಲಿವೇಷವನ್ನು ಕಂಡವನು ಇನ್ನಷ್ಟು ಮುಂದಕ್ಕೆ ಸರಿದು ಕುಳಿತುಕೊಳ್ಳುತ್ತಾನೆ. ಕನ್ನಡನಾಡಿನ ಬಯಲಾಟಗಳಲ್ಲಿ ಬಣ್ಣದ ವೇಷವು ತೆರೆಯ ಹಿಂದೆ ನಿಂತು ಅಬ್ಬರಿಸಿ, ಪಂಜಿನ ಉರಿಗೆ ರಾಳದ ಪುಡಿಯನ್ನೆರಚಿ ಪ್ರವೇಶಮಾಡುವಾಗ, ತಾಯಿಯ ಮಡಿಲಲ್ಲಿ ಮೋರೆ ಮುಚ್ಚಿಕೊಂಡ ಮಗುವು ಬೆರಳ ಸಂದಿನಿಂದ ನೋಡದೆ ಇರಲಾರದು. ಭಯಾನಕ ಚಿತ್ರಗಳ ವ್ಯಾಪಾರವೆಲ್ಲವೂ ಆ ಬೆರಳ ಸಂದಿನಲ್ಲಿಯೇ ನಡೆಯತಕ್ಕದ್ದಾಗಿದೆ.

ಇತರ ಸರಕುಗಳನ್ನು ಮಾರುವವನು ತನ್ನ ಸರಕು ಸುಖವನ್ನು ಕೊಡುವುದೆಂದು ಸಾರಿದರೆ ಸಾಕು. ಭೀತಿಯನ್ನು ಮಾರುವವನಿಗಾದರೋ ಹಾಗೆ ಸಾರಲು ಬಾರದು. “ಬನ್ನಿರಿ” ಎಂದೂ “ಬರಬೇಡಿರಿ” ಎಂದೂ ಒಂದೇ ಉಸಿರಿನಲ್ಲಿ ಅವನು ಕರೆಯಬೇಕು. ಅಪಾಯವುಂಟೆಂದು ನಂಬಿಸಬೇಕು, ಅಪಾಯವಿಲ್ಲವೆಂಬ ಧೈರ್ಯವನ್ನೂ ಒಳಗೊಳಗೆ ಉಳಿಸಬೇಕು. ಪಾಶ್ಚಾತ್ಯ ದೇಶಗಳಲ್ಲಿ ಚಲಚ್ಚಿತ್ರಗಳ ವ್ಯಾಪಾರಿಗಳು ಈ ಕಷ್ಟಸಾಧ್ಯವಾದ ಕೆಲಸವನ್ನು ಯಾವ ಯಾವ ಉಪಾಯಗಳಿಂದ ಸಾಧಿಸಿದರು, ಆ ಉಪಾಯಗಳಲ್ಲಿ ವಿನೋದವೆಷ್ಟು, ವಂಚನೆಯೆಷ್ಟು ಎಂಬುದು ವಿಚಾರಾರ್ಹವಾದ ಚರಿತ್ರೆಯಾಗಿದೆ.

ಈ ಚರಿತ್ರೆಯು ಮೂಕಚಿತ್ರಗಳ ಕಾಲದಲ್ಲಿ ಜರ್ಮನಿಯಲ್ಲಿ ಆರಂಭವಾಗುತ್ತದೆಂದು ಹೇಳಬಹುದು. 1920ನೆಯ ಇಸವಿಯ ಮೊದಲಲ್ಲಿ ಬರ್ಲಿನ್ ನಗರದ ಗೋಡೆಗಳ ಮೇಲೆ “ನೀನು ಕ್ಯಾಲಿಗರಿ ಆಗಲೇಬೇಕು” ಎಂಬರ್ಥದ ಒಂದು ವಾಕ್ಯವು ಕಾಣಿಸಿಕೊಂಡಿತು. ಕ್ಯಾಲಿಗರಿ ಎಂದರೆ ಯಾರು, ಆಗಬೇಕಾದುದೇಕೆ ಎಂಬುದನ್ನು ಭಿತ್ತಿಪತ್ರಗಳು ತಿಳಿಸಲಿಲ್ಲ. ಕೆಲವು ವಾರಗಳ ಮೇಲೆ, ಫೆಬ್ರವರಿ ತಿಂಗಳ ಕೊನೆಯಲ್ಲಿ, ‘ಡಾಕ್ಟರ್ ಕ್ಯಾಲಿಗರಿಯ ಕಪಾಟು’ ಎಂಬರ್ಥದ ಹೆಸರುಳ್ಳ ಚಿತ್ರವು ಪ್ರದರ್ಶಿತವಾದಾಗ, ಆ ವಾಕ್ಯವು ಚಿತ್ರದೊಳಗಿನ ಒಬ್ಬ ಹುಚ್ಚನ ಕಣ್ಣೆದುರು ಬರೆಯಲ್ಪಡುವ ಅಕ್ಷರಗಳೆಂದು ಜನರಿಗೆ ಗೊತ್ತಾಯಿತು. ಹುಚ್ಚನನ್ನು ಕಾಡಿದ ವಾಕ್ಯವೇ ಮೊದಲು ಪಟ್ಟಣವನ್ನೆಲ್ಲ ಕಾಡಿತ್ತು. ಪ್ರಚಾರವು ಚಿತ್ರಕ್ಕೆ ಹೊರಗಿನ ಡಂಗುರವಾಗಿರದೆ ಚಿತ್ರದ ಮೊದಲನೆಯ ಅಂಕವೇ ಆಗಬಹುದೆಂಬುದನ್ನು ಇದು ತೋರಿಸಿಕೊಟ್ಟಿತು.

ಎರಡು ವರ್ಷಗಳ ತರುವಾಯ ಅದೇ ನಗರದಲ್ಲಿ ಮತ್ತೊಂದು ಪ್ರಯತ್ನವು ನಡೆಯಿತು. ಪ್ರಾಣ ಫಿಲ್ಮ್ ಎಂಬ ಸಂಸ್ಥೆಯು—ಈ ಹೆಸರು ಸಂಸ್ಕೃತದ ‘ಪ್ರಾಣ’ ಶಬ್ದವೇ ಆಗಿದೆ—‘ನೊಸ್ಫೆರಾಟು’ ಎಂಬ ಚಿತ್ರವನ್ನು ತಯಾರಿಸಿ, 1922ನೆಯ ಮಾರ್ಚಿ 4ರಂದು ಬರ್ಲಿನ್ನಿನ ಮೃಗಾಲಯದ ಸಭಾಂಗಣದಲ್ಲಿ ಅದಕ್ಕಾಗಿ ಒಂದು ಮಹೋತ್ಸವವನ್ನೇ ನಡೆಸಿತು. ಆಹೂತರಾದವರು ನೂರು ವರ್ಷಗಳ ಹಿಂದಿನ ಉಡುಪನ್ನು ಧರಿಸಿ ಬರಬೇಕೆಂದು ಕೇಳಿಕೊಳ್ಳಲಾಗಿತ್ತು. ಉತ್ಸವವು ವೈಭವದಿಂದ ಜರಗಿತು. ಸಂಸ್ಥೆಯಾದರೋ ಸಾಲದಲ್ಲಿ ಮುಳುಗಿತು. ಚಿತ್ರದ ಕಥೆಯು ಬ್ರಾಮ್ ಸ್ಟೋಕರನ ‘ಡ್ರಾಕುಲ’ ಕಾದಂಬರಿಯಿಂದ ಅನುಮತಿಯಿಲ್ಲದೆ ತೆಗೆದುಕೊಂಡುದಾದ್ದರಿಂದ ಆ ಗ್ರಂಥಕರ್ತನ ವಿಧವೆಯು ವ್ಯಾಜ್ಯ ಹೂಡಿದಳು. ಪ್ರತಿಗಳನ್ನು ನಾಶಪಡಿಸಬೇಕೆಂದು 1925ರಲ್ಲಿ ತೀರ್ಪಾಯಿತು. ಹೇಗೋ ಉಳಿದುಕೊಂಡ ಕೆಲವು ಪ್ರತಿಗಳಿಂದಲೇ ಆ ಚಿತ್ರವು ಇಂದು ಲೋಕಪ್ರಸಿದ್ಧವಾಗಿದೆ. ಪ್ರಚಾರಕ್ಕೆ ಹಣವನ್ನು ಸುರಿದ ಪ್ರಾಣ ಸಂಸ್ಥೆಯು ಬೇರೊಂದು ಚಿತ್ರವನ್ನು ತೆಗೆಯುವವರೆಗೂ ಪ್ರಾಣವನ್ನು ಉಳಿಸಿಕೊಳ್ಳಲಿಲ್ಲ. ಡಂಗುರವು ಎಷ್ಟು ದೊಡ್ಡದಾಗಿರಬೇಕೆಂಬುದನ್ನು ಬೊಕ್ಕಸವನ್ನು ನೋಡಿ ನಿಶ್ಚಯಿಸಬೇಕೆಂಬ ಪಾಠವು ಇದರಲ್ಲಿ ಅಡಗಿದೆ.

ಅಮೆರಿಕದಲ್ಲಿ ವಾಕ್ಚಿತ್ರಗಳು ಬಂದ ಮೇಲೆ ಯೂನಿವರ್ಸಲ್ ಸಂಸ್ಥೆಯವರು ಅಲ್ಪವ್ಯಯದ ಮಾರ್ಗವೊಂದನ್ನು ಕಂಡುಕೊಂಡರು. 1931ರ ‘ಫ್ರಾಂಕೆನ್‌ಸ್ಟೈನ್’ ಚಿತ್ರವು ಆರಂಭವಾಗುವ ಮೊದಲು ಎಡ್ವರ್ಡ್ ವ್ಯಾನ್ ಸ್ಲೋನ್ ಎಂಬ ನಟನು ತೆರೆಯ ಮುಂದೆ ಬಂದು, ಮುಂದೆ ಕಾಣಿಸುವುದು ಎದೆಯನ್ನು ನಡುಗಿಸುವುದಾಗಿರಬಹುದೆಂದು ವಿನಯದಿಂದ ಎಚ್ಚರಿಸುತ್ತಾನೆ. ಪಾತ್ರಧಾರಿಗಳ ಪಟ್ಟಿಯಲ್ಲಿ ರಾಕ್ಷಸಪಾತ್ರದ ಇದಿರಿಗೆ ನಟನ ಹೆಸರಿಲ್ಲದೆ ಕೇವಲ ಒಂದು ಪ್ರಶ್ನಾರ್ಥಕ ಚಿಹ್ನೆಯು ಮಾತ್ರ ಇತ್ತು. ನಾಟಕದ ಸೂತ್ರಧಾರನು ಪ್ರಸ್ತಾವನೆಯಲ್ಲಿ ಪ್ರೇಕ್ಷಕರನ್ನು ಸಿದ್ಧಗೊಳಿಸುವಂತೆ ಈ ಎಚ್ಚರಿಕೆಯು ಅವರನ್ನು ಭಯಕ್ಕೆ ಸಿದ್ಧಗೊಳಿಸಿತು. ಹೋಗಬಹುದೆಂದು ಬಾಗಿಲು ತೆರೆದು ತೋರಿಸಿದ ಮೇಲೆ ಎದ್ದು ಹೋಗುವವರು ಅಪರೂಪ. ಆ ಪ್ರಶ್ನಾರ್ಥಕ ಚಿಹ್ನೆಯ ಹಿಂದೆ ಇದ್ದ ಬೋರಿಸ್ ಕಾರ್ಲಾಫನು ಚಿತ್ರವು ಬಿಡುಗಡೆಯಾದ ಸ್ವಲ್ಪಕಾಲದಲ್ಲಿಯೇ ಪ್ರಸಿದ್ಧನಾದನು.

ಇವೆಲ್ಲವೂ ಮುಂದೆ ನಡೆದ ಮಹಾಜಾತ್ರೆಗೆ ಪೀಠಿಕೆಯಂತಿದ್ದುವು. ಆ ಜಾತ್ರೆಯು ಅಮೆರಿಕದಲ್ಲಿಯೇ 1958ರಿಂದ ಮುಂದಕ್ಕೆ ಏಕೆ ನೆರೆಯಿತೆಂಬುದನ್ನು ತಿಳಿಯಬೇಕಾದರೆ ಅಲ್ಲಿಯ ಚಿತ್ರಮಂದಿರಗಳ ಅಂದಿನ ಸ್ಥಿತಿಯನ್ನು ಗಮನಿಸಬೇಕು. ದೊಡ್ಡ ಚಿತ್ರಸಂಸ್ಥೆಗಳೇ ಚಿತ್ರಮಂದಿರಗಳನ್ನೂ ಹೊಂದಿದ್ದ ಪದ್ಧತಿಯು 1948ರಲ್ಲಿ ಆ ದೇಶದ ಪರಮೋಚ್ಚ ನ್ಯಾಯಸ್ಥಾನದ ತೀರ್ಪಿನಿಂದ ಮುರಿದುಬಿತ್ತು. 1950ರಲ್ಲಿ ನೂರು ಮನೆಗಳಲ್ಲಿ ಹತ್ತಕ್ಕೂ ಕಡಮೆ ಮನೆಗಳಲ್ಲಿದ್ದ ಟೆಲಿವಿಷನ್ ಯಂತ್ರವು 1960ರ ವೇಳೆಗೆ ಎಂಬತ್ತೈದಕ್ಕೂ ಹೆಚ್ಚು ಮನೆಗಳನ್ನು ಹೊಕ್ಕಿತು. ಮನೆಯಲ್ಲಿ ಕಾಸಿಲ್ಲದೆ ಕಾಣುವುದನ್ನು ಹೊರಗೆ ಹೋಗಿ ಹಣ ತೆತ್ತು ನೋಡುವವರು ಯಾರು? ಮುಮ್ಮುಖವಾಗಿ ಕಾಣುವ ಚಿತ್ರಗಳೆಂದು 1952ರಿಂದ ಎರಡು ಮೂರು ವರ್ಷಗಳ ಕಾಲ ವಿಶೇಷ ಕನ್ನಡಕಗಳನ್ನು ಹಂಚಿದ್ದಾಯಿತು. ಆ ಬೆರಗೂ ಬೇಗನೆ ಹಳತಾಯಿತು. ಇಷ್ಟರಲ್ಲಿ 1957ರಲ್ಲಿ ಯೂನಿವರ್ಸಲ್ ಸಂಸ್ಥೆಯ ಹಳೆಯ ಭಯಾನಕ ಚಿತ್ರಗಳೇ ಟೆಲಿವಿಷನ್ನಿನಲ್ಲಿ ಬರತೊಡಗಿ, ಎಳೆಯರಲ್ಲಿ ಆ ರಸದ ರುಚಿಯನ್ನು ಹೊಸದಾಗಿ ಹುಟ್ಟಿಸಿದುವು. ಹಸಿವು ಸಿದ್ಧವಾಗಿತ್ತು, ಮನೆಯಲ್ಲಿ ಬಡಿಸಲಾಗದ ಅಡಿಗೆಯನ್ನು ಮಾಡುವವನೊಬ್ಬನು ಬೇಕಾಗಿದ್ದನು.

ಅಂಥವನು ವಿಲಿಯಂ ಕ್ಯಾಸಲ್. ಇವನು 1914ರ ಏಪ್ರಿಲ್ 24ರಂದು ನ್ಯೂಯಾರ್ಕಿನಲ್ಲಿ ಒಂದು ಯೆಹೂದ್ಯ ಕುಟುಂಬದಲ್ಲಿ ಜನಿಸಿದನು. ಮನೆತನದ ಹೆಸರು ಶ್ಲೋಸ್. ಜರ್ಮನ್ ಭಾಷೆಯಲ್ಲಿ ಕೋಟೆಯೆಂದು ಅರ್ಥಬರುವ ಆ ಹೆಸರನ್ನೇ ಇಂಗ್ಲಿಷಿಗೆ ತಿರುಗಿಸಿ ಕ್ಯಾಸಲ್ ಎಂದು ಇಟ್ಟುಕೊಂಡನು. ಬಾಲ್ಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡ ಇವನು ತನ್ನ ಹದಿಮೂರನೆಯ ವಯಸ್ಸಿನಲ್ಲಿ ಬೇಲಾ ಲುಗೋಸಿ ಎಂಬ ನಟನು ಅಭಿನಯಿಸುತ್ತಿದ್ದ ‘ಡ್ರಾಕುಲ’ ನಾಟಕವನ್ನು ಕಂಡು, ಮತ್ತೆ ಮತ್ತೆ ಹೋಗಿ ನೋಡಿದನು. ರಂಗವನ್ನು ನೋಡಿದಷ್ಟೇ ಶ್ರದ್ಧೆಯಿಂದ ಅವನು ಬೆಚ್ಚಿ ಕೂಗುತ್ತಿದ್ದ ಪ್ರೇಕ್ಷಕರನ್ನೂ ನೋಡಿದನು. ಲುಗೋಸಿಯ ಪರಿಚಯದಿಂದಲೇ ಆ ನಾಟಕಮಂಡಳಿಯ ಸಂಚಾರಕಾಲದಲ್ಲಿ ಕೆಲಸವು ದೊರೆಯಲಾಗಿ, ಶಾಲೆಯನ್ನು ಬಿಟ್ಟು ರಂಗಭೂಮಿಯನ್ನು ಸೇರಿದನು.

ಇವನ ಯೌವನದ ಒಂದು ಸಂಗತಿಯನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. 1939ರಲ್ಲಿ ಇವನು ಕನೆಕ್ಟಿಕಟ್ ಸಂಸ್ಥಾನದ ಸ್ಟೋನಿ ಕ್ರೀಕ್ ಎಂಬಲ್ಲಿಯ ನಾಟಕಶಾಲೆಯೊಂದನ್ನು ಗೇಣಿಗೆ ಹಿಡಿದಿದ್ದನು. ಅಲ್ಲಿ ಅಭಿನಯಿಸುತ್ತಿದ್ದ ಜರ್ಮನ್ ನಟಿಯೊಬ್ಬಳು ಹಿಟ್ಲರನ ಆಹ್ವಾನವನ್ನೇ ತಿರಸ್ಕರಿಸಿದಳೆಂದು ಪತ್ರಿಕೆಗಳಿಗೆ ಸುದ್ದಿಕೊಟ್ಟನು. ಅಷ್ಟಕ್ಕೇ ತೃಪ್ತನಾಗದೆ, ರಾತ್ರಿಯ ಹೊತ್ತು ತನ್ನ ನಾಟಕಶಾಲೆಯನ್ನು ತಾನೇ ಹಾಳುಗೆಡವಿ, ಗೋಡೆಗಳ ಮೇಲೆ ನಾಟ್ಸಿಗಳ ಚಿಹ್ನೆಯನ್ನು ತಾನೇ ಬಳಿದನು. ಜನರು ಕನಿಕರದಿಂದಲೂ ಕುತೂಹಲದಿಂದಲೂ ಕಿಕ್ಕಿರಿದು ಬಂದರು, ನಾಟಕಕ್ಕೆ ಲಾಭವಾಯಿತು. ಈ ವೃತ್ತಾಂತವನ್ನು ಅವನು 1976ರ ತನ್ನ ಆತ್ಮಕಥೆಯಲ್ಲಿ ತಾನಾಗಿಯೇ ಹೇಳಿಕೊಂಡಿದ್ದಾನೆ. ಆ ಚಿಹ್ನೆಯ ಹೆಸರಿನಲ್ಲಿ ಯೆಹೂದ್ಯರು ನಿಜವಾಗಿಯೇ ಮನೆಮಠಗಳನ್ನು ಕಳೆದುಕೊಳ್ಳುತ್ತಿದ್ದ ವರ್ಷದಲ್ಲಿ, ಯೆಹೂದ್ಯನೊಬ್ಬನು ಅದನ್ನು ಟಿಕೇಟು ಮಾರಲು ಬಳಸಿದನೆಂಬುದು ಮನಸ್ಸನ್ನು ಕಲಕುವ ವಿಷಯವಾಗಿದೆ. ಇಲ್ಲಿ ಬಂದ ಪ್ರೇಕ್ಷಕನು ಆಟದಲ್ಲಿ ಪಾಲುಗಾರನಾಗಿರಲಿಲ್ಲ. ಅವನ ಕನಿಕರವು ಸುಳ್ಳಿನಿಂದ ಕದಿಯಲ್ಪಟ್ಟಿತ್ತು. ಕ್ಯಾಸಲನ ಮುಂದಿನ ಉಪಾಯಗಳನ್ನು ತೂಗುವುದಕ್ಕೆ ಈ ಸಂಗತಿಯು ಒಳ್ಳೆಯ ಒರೆಗಲ್ಲಾಗಿದೆ.

ತರುವಾಯ ಅವನು ಹಾಲಿವುಡ್ಡಿಗೆ ಹೋಗಿ ಕೊಲಂಬಿಯಾ ಸಂಸ್ಥೆಗಾಗಿ ಅಲ್ಪವ್ಯಯದ ಚಿತ್ರಗಳನ್ನು ನಿರ್ದೇಶಿಸುತ್ತ ಅನೇಕ ವರ್ಷಗಳನ್ನು ಕಳೆದನು. ಕಾಲಕ್ಕೆ ಸರಿಯಾಗಿ, ಕೊಟ್ಟ ಹಣದೊಳಗೆ ಕೆಲಸ ಮುಗಿಸುವವನೆಂಬ ಹೆಸರು ಬಂದಿತೇ ಹೊರತು ಬೇರೆ ಕೀರ್ತಿಯು ಬರಲಿಲ್ಲ. ಫ್ರಾನ್ಸಿನ ಕ್ಲೂಜೋ ಎಂಬ ನಿರ್ದೇಶಕನ ‘ಲೇ ಡಯಾಬೊಲಿಕ್’ ಎಂಬ 1955ರ ಚಿತ್ರವು ಅಮೆರಿಕಕ್ಕೆ ಬಂದಾಗ, ಅದನ್ನು ನೋಡಲು ತರುಣರು ಮಳೆಯಲ್ಲಿ ನೆನೆಯುತ್ತ ಸಾಲುಗಟ್ಟಿ ನಿಂತುದನ್ನು ಅವನು ಕಂಡನು. ಆ ಚಿತ್ರದ ಕೊನೆಯಲ್ಲಿ, ಕಥೆಯ ಮುಕ್ತಾಯವನ್ನು ಗೆಳೆಯರಿಗೆ ಹೇಳಿ ಅವರ ಸುಖವನ್ನು ಕೆಡಿಸಬೇಡಿರೆಂಬ ಬಿನ್ನಹವು ತೆರೆಯ ಮೇಲೆ ಬರುತ್ತಿತ್ತು. ಗುಟ್ಟಿನಲ್ಲಿ ಪಾಲುಕೊಟ್ಟರೆ ಪ್ರೇಕ್ಷಕನೇ ಚಿತ್ರದ ದೂತನಾಗುತ್ತಾನೆಂಬುದು ಕ್ಯಾಸಲನಿಗೆ ಹೊಳೆಯಿತು. ಅವನು ತನ್ನ ಮನೆಯನ್ನು ಅಡವಿಟ್ಟು ಸ್ವಂತ ಬಂಡವಾಳದಿಂದ ‘ಮಕಾಬರ್’ ಎಂಬ ಚಿತ್ರವನ್ನು ತೆಗೆದನು.

ಚಿತ್ರವು ಮುಗಿದ ಮೇಲೆ ಅದು ಜನರನ್ನು ಸೆಳೆಯುವಷ್ಟು ಭಯಂಕರವಾಗಿಲ್ಲವೆಂಬ ಶಂಕೆಯು ಅವನಿಗೇ ತಲೆದೋರಿತು. ಮನೆಯು ಹೋಗುವ ಹೆದರಿಕೆಯೇ ಆಗ ಅವನಿಗೆ ಉಪಾಯವನ್ನು ಕಲಿಸಿತು. ಲಂಡನ್ನಿನ ಸುಪ್ರಸಿದ್ಧ ಲಾಯ್ಡ್ಸ್ ವಿಮಾಮಂಡಲದ ಮೂಲಕ, ಚಿತ್ರವನ್ನು ನೋಡುತ್ತಿರುವಾಗ ಭಯದಿಂದ ಸತ್ತವರ ವಾರಸುದಾರರಿಗೆ 1,000 ಡಾಲರು ಕೊಡುವ ವಿಮೆಯನ್ನು ಅವನು ಮಾಡಿಸಿದನು. 1958ರಲ್ಲಿ ಚಿತ್ರವು ಬಿಡುಗಡೆಯಾದಾಗ ಟಿಕೇಟು ಕೊಂಡ ಪ್ರತಿಯೊಬ್ಬನಿಗೂ ವಿಮಾಪತ್ರವೊಂದು ದೊರೆಯುತ್ತಿತ್ತು. ಹೃದ್ರೋಗವುಳ್ಳವರಿಗೂ ಆತ್ಮಹತ್ಯೆ ಮಾಡಿಕೊಳ್ಳುವವರಿಗೂ ಇದು ಅನ್ವಯಿಸದೆಂಬ ನಿಬಂಧನೆಯೂ ಇತ್ತು. ಕೆಲವು ಚಿತ್ರಮಂದಿರಗಳ ಹಜಾರದಲ್ಲಿ ದಾದಿಯರ ಉಡುಪಿನ ಹೆಂಗಸರು ಕಾದಿದ್ದರು. ಹೊರಗೆ ಶವವಾಹನವು ನಿಂತಿತ್ತು. ಒಮ್ಮೊಮ್ಮೆ ಕ್ಯಾಸಲನೇ ಶವಪೆಟ್ಟಿಗೆಯೊಳಗಿಂದ ಎದ್ದುಬಂದು ಜನರಿಗೆ ವಂದಿಸುತ್ತಿದ್ದನು.

ಈ ವಿಮೆಯ ಚಾತುರ್ಯವು ಎಲ್ಲಿದೆಯೆಂಬುದನ್ನು ಯೋಚಿಸಿ ನೋಡಬೇಕು. ಚಿತ್ರವು ಭಯಂಕರವೆಂದು ಅದರ ಒಡೆಯನು ಎಷ್ಟು ಕೂಗಿದರೂ ಜನರು ನಂಬುವುದಿಲ್ಲ. ಆದರೆ ಹಡಗುಗಳಿಗೂ ಸರಕುಗಳಿಗೂ ವಿಮೆಕೊಡುವ ಗಂಭೀರವಾದ ಮಂಡಲವೊಂದು ಮುದ್ರೆಯೊತ್ತಿ ಪತ್ರ ಕೊಟ್ಟಿತೆಂದರೆ, ಅಪಾಯವು ಲೆಕ್ಕದ ಪುಸ್ತಕವನ್ನೇರಿದಂತಾಯಿತು. ಅದೇ ಪತ್ರವು ಓದಿದವನ ಮುಖದಲ್ಲಿ ನಗೆಯನ್ನೂ ತರುತ್ತಿತ್ತು. ನಕ್ಕವನಿಗೆ ತಾನು ಸಾಯುವುದಿಲ್ಲವೆಂಬುದು ಗೊತ್ತು. ಹೀಗೆ ಬೆದರಿಕೆಯೂ ಅಭಯವೂ ಒಂದೇ ಕಾಗದದಲ್ಲಿ ಅಚ್ಚಾದುವು. ಕಾಗದವನ್ನು ಮನೆಗೆ ಒಯ್ದ ತರುಣನು ಅದನ್ನು ಹತ್ತು ಜನಕ್ಕೆ ತೋರಿಸುತ್ತಿದ್ದನು. ಆ ಹಣವನ್ನು ಪಡೆಯುವ ಪ್ರಸಂಗವು ಯಾರಿಗೂ ಬರಲಿಲ್ಲ. ಕ್ಯಾಸಲನ ಮನೆಯೂ ಉಳಿಯಿತು.

ಮರುವರ್ಷದ ‘ಹೌಸ್ ಆನ್ ಹಾಂಟೆಡ್ ಹಿಲ್’ ಚಿತ್ರದಲ್ಲಿ ವಿನ್ಸೆಂಟ್ ಪ್ರೈಸನು ನಾಯಕನಾಗಿದ್ದನು. ಅದರಲ್ಲಿ ಅಸ್ಥಿಪಂಜರವೊಂದು ಆಮ್ಲದ ಕೊಳದಿಂದ ಎದ್ದು ಬರುವ ಸಂದರ್ಭಕ್ಕೆ ಸರಿಯಾಗಿ, ತೆರೆಯ ಪಕ್ಕದಲ್ಲಿಟ್ಟಿದ್ದ ಪೆಟ್ಟಿಗೆಯಿಂದ ಪ್ಲಾಸ್ಟಿಕ್ಕಿನ ಅಸ್ಥಿಪಂಜರವು ಹೊರಟು, ತಂತಿಯ ಮೇಲೆ ಜಾರುತ್ತ ಪ್ರೇಕ್ಷಕರ ತಲೆಯ ಮೇಲೆ ಹಾದುಹೋಗುತ್ತಿತ್ತು. ಇದಕ್ಕೆ ‘ಎಮರ್ಗೋ’ ಎಂಬ ಘನವಾದ ನಾಮಕರಣವಾಯಿತು. ಯಂತ್ರವು ಎಲ್ಲ ಕಡೆಗಳಲ್ಲಿಯೂ ಸರಿಯಾಗಿ ನಡೆಯಲಿಲ್ಲ. ಸುದ್ದಿಯು ಮೊದಲೇ ಹರಡಿದ್ದರಿಂದ ಹುಡುಗರು ಕವಣೆಗಳನ್ನೂ ತಿಂಡಿಯ ಪೊಟ್ಟಣಗಳನ್ನೂ ಸಿದ್ಧವಾಗಿಟ್ಟುಕೊಂಡು ಬಂದು ಅಸ್ಥಿಪಂಜರಕ್ಕೆ ಗುರಿಯಿಡುತ್ತಿದ್ದರು. ಭಯವು ಹಾಸ್ಯವಾಗಿ ಮಾರ್ಪಟ್ಟಿತು. ರಸಭಂಗವಾಯಿತೆಂದು ಶಾಸ್ತ್ರಜ್ಞನು ಹೇಳಬಹುದು; ಆದರೆ ಮನೆಯ ಟೆಲಿವಿಷನ್ನಿನಿಂದ ಅಸ್ಥಿಪಂಜರವು ಹೊರಗೆ ಹಾರಲಾರದೆಂಬುದೂ, ಒಬ್ಬೊಬ್ಬನೇ ಕುಳಿತು ಅದಕ್ಕೆ ಕವಣೆ ಬೀಸುವುದರಲ್ಲಿ ಸುಖವಿಲ್ಲವೆಂಬುದೂ ನಿಜವಾಗಿತ್ತು. ಜನರು ತೆತ್ತ ಹಣವು ಅರ್ಧ ಚಿತ್ರಕ್ಕಾದರೆ ಅರ್ಧ ಆ ಸಹವಾಸಕ್ಕಾಗಿ ಸಲ್ಲುತ್ತಿತ್ತು.

ಅದೇ 1959ರಲ್ಲಿ ಬಂದ ‘ದಿ ಟಿಂಗ್ಲರ್’ ಚಿತ್ರವು ಕ್ಯಾಸಲನ ಬುದ್ಧಿಯ ಪರಾಕಾಷ್ಠೆಯಾಗಿದೆ. ಮನುಷ್ಯನು ಹೆದರಿದಾಗ ಅವನ ಬೆನ್ನೆಲುಬಿನ ಮೇಲೆ ಒಂದು ಕ್ರಿಮಿಯು ಬೆಳೆಯುತ್ತದೆ. ಬಾಯಿಬಿಟ್ಟು ಕಿರುಚಿದರೆ ಅದು ಶಕ್ತಿಗುಂದುತ್ತದೆ. ಕಿರುಚಲಾರದವನನ್ನು ಕೊಲ್ಲುತ್ತದೆ ಎಂಬುದು ಕಥೆಯ ಕಲ್ಪನೆ. ಚಿತ್ರಮಂದಿರದ ಕೆಲವು ಆಸನಗಳ ಕೆಳಗೆ ಸಣ್ಣ ವಿದ್ಯುದ್ಯಂತ್ರಗಳನ್ನು ಕಟ್ಟಲಾಗಿತ್ತು. ಕಥೆಯಲ್ಲಿ ಆ ಕ್ರಿಮಿಯು ಚಿತ್ರಮಂದಿರವೊಂದರೊಳಗೆ ತಪ್ಪಿಸಿಕೊಂಡು ಓಡುವಾಗ ತೆರೆಯು ಕತ್ತಲಾಗುತ್ತಿತ್ತು. ಆ ಕತ್ತಲಲ್ಲಿ ಪ್ರೈಸನ ಧ್ವನಿಯು, ಕ್ರಿಮಿಯು ಇಲ್ಲಿಯೇ ಇದೆ, ಜೀವ ಉಳಿಯಬೇಕಾದರೆ ಕಿರುಚಿರಿ ಎಂದು ಕೂಗುತ್ತಿತ್ತು. ಅದೇ ಕ್ಷಣದಲ್ಲಿ ಆಸನಗಳು ನಡುಗುತ್ತಿದ್ದುವು. ನಡುಗುವ ಆಸನದಲ್ಲಿ ಕುಳಿತವನು ಕಿರುಚಿದರೆ, ನಡುಗದ ಆಸನದಲ್ಲಿದ್ದವನೂ ಅದನ್ನು ಕೇಳಿ ಕಿರುಚುತ್ತಿದ್ದನು. ಮೊದಲೇ ಗೊತ್ತುಮಾಡಿದ ಹೆಂಗಸೊಬ್ಬಳು ಮೂರ್ಛೆಹೋದಂತೆ ನಟಿಸುವುದೂ ಕೆಲವೆಡೆಗಳಲ್ಲಿ ಉಂಟಾಗಿತ್ತು. ಚಿತ್ರದ ಕಥೆ, ಪ್ರೇಕ್ಷಕನ ದೇಹ, ಪ್ರಚಾರದ ಮಾತು ಈ ಮೂರೂ ಇಲ್ಲಿ ಒಂದೇ ಸೂತ್ರದಲ್ಲಿ ಪೋಣಿಸಲ್ಪಟ್ಟಿವೆ. ಕಿರುಚುವುದಕ್ಕೆ ನಾಚುವ ದೊಡ್ಡವರಿಗೆ ಕಿರುಚುವ ಹಕ್ಕನ್ನು ಕೊಟ್ಟದ್ದು ಈ ಚಿತ್ರದ ವಿಶೇಷ.

1960ರ ‘ಥರ್ಟೀನ್ ಗೋಸ್ಟ್ಸ್’ ಚಿತ್ರದಲ್ಲಿ ಪ್ರೇಕ್ಷಕರ ಕೈಗೆ ಕೆಂಪು ನೀಲಿ ಎರಡು ಬಣ್ಣದ ತೆಳುಹಾಳೆಗಳಿದ್ದ ಒಂದು ನೋಟಪಟ್ಟಿಯು ಬಂದಿತು. ಕೆಂಪಿನ ಮೂಲಕ ನೋಡಿದರೆ ಭೂತಗಳು ಸ್ಪಷ್ಟವಾಗಿ ಕಾಣುವುವು. ನೀಲಿಯ ಮೂಲಕ ನೋಡಿದರೆ ಮಾಯವಾಗುವುವು. ನಂಬುವವನು ಕೆಂಪನ್ನೂ ನಂಬದವನು ನೀಲಿಯನ್ನೂ ಆರಿಸಿಕೊಳ್ಳಲಿ ಎಂದು ಕ್ಯಾಸಲನು ತೆರೆಯ ಮೇಲೆ ಬಂದು ಹೇಳುತ್ತಿದ್ದನು. ಹೆದರುವುದೂ ಬಿಡುವುದೂ ಪ್ರೇಕ್ಷಕನ ಇಚ್ಛೆಗೆ ಬಿಟ್ಟ ವಿಷಯವಾಯಿತು.

ಅದೇ ವರ್ಷದ ಜೂನಿನಲ್ಲಿ ಆಲ್ಫ್ರೆಡ್ ಹಿಚ್‌ಕಾಕನ ‘ಸೈಕೋ’ ನ್ಯೂಯಾರ್ಕಿನಲ್ಲಿ ಬಿಡುಗಡೆಯಾಯಿತು. ಬಹುವ್ಯಯದ ಚಿತ್ರಗಳಿಗೆ ಹೆಸರಾಗಿದ್ದ ಈ ಆಚಾರ್ಯಪುರುಷನು ಸುಮಾರು 8 ಲಕ್ಷ ಡಾಲರುಗಳಲ್ಲಿ, ತನ್ನ ಟೆಲಿವಿಷನ್ ಕಾರ್ಯಕ್ರಮದ ಕೆಲಸಗಾರರನ್ನೇ ಬಳಸಿಕೊಂಡು, ಕಪ್ಪುಬಿಳುಪಿನಲ್ಲಿ ಇದನ್ನು ತೆಗೆದನು. ವಿಮರ್ಶಕರಿಗೆ ಮುಂಚಿತವಾಗಿ ತೋರಿಸಲಿಲ್ಲ. ಚಿತ್ರವು ಆರಂಭವಾದ ಮೇಲೆ ಯಾರನ್ನೂ ಒಳಗೆ ಬಿಡತಕ್ಕದ್ದಲ್ಲವೆಂಬ ನಿಯಮವನ್ನು ವಿಧಿಸಿ, ತನ್ನದೇ ಆಳೆತ್ತರದ ರಟ್ಟಿನ ಪ್ರತಿಕೃತಿಯನ್ನು ಬಾಗಿಲಲ್ಲಿ ನಿಲ್ಲಿಸಿದನು. ಆ ಕಾಲದ ಅಮೆರಿಕದಲ್ಲಿ ಜನರು ಮನಬಂದ ವೇಳೆಗೆ ಒಳಹೊಕ್ಕು, ಕಥೆಯು ತಾವು ಬಂದ ಘಟ್ಟಕ್ಕೆ ಮತ್ತೆ ಬಂದಾಗ ಎದ್ದು ಹೋಗುವ ಅಭ್ಯಾಸವಿತ್ತು. ನಿಯಮದಿಂದ ನಷ್ಟವಾಗಬಹುದೆಂದು ಚಿತ್ರಮಂದಿರದವರು ಅಂಜಿದರು. ಆದರೆ ಹೊರಗೆ ನಿಂತ ಸಾಲುಗಳೇ ದೊಡ್ಡ ಜಾಹೀರಾತಾದುವು. ಇದು ಬರಿಯ ಬೆಡಗಾಗಿರಲಿಲ್ಲ. ಪ್ರಸಿದ್ಧ ನಾಯಿಕೆಯು ಕಥೆಯ ಅರ್ಧದೊಳಗೇ ಕೊಲೆಯಾಗುವ ಚಿತ್ರಕ್ಕೆ ತಡವಾಗಿ ಬಂದವನು ಅವಳನ್ನು ಕಾಣದೆ ಬೇಸರಪಡುತ್ತಿದ್ದನು. ಅಂಗಡಿಯ ಉಪಾಯವೂ ಕಥೆಯ ಅಗತ್ಯವೂ ಇಲ್ಲಿ ಒಂದಾದುವು. ಕ್ಯಾಸಲನ ಗೆಲವನ್ನು ಹಿಚ್‌ಕಾಕನು ಗಮನಿಸಿದ್ದನೆಂದು ವಿಮರ್ಶಕರು ಹೇಳುತ್ತಾರೆ. ಗುರುವು ಶಿಷ್ಯನಿಂದ ಕಲಿತನೆನ್ನುವುದಕ್ಕಿಂತ, ಜಾತ್ರೆಯ ಡಂಗುರದಲ್ಲಿಯೂ ತಾಳವಿರಬಹುದೆಂದು ಸಂಗೀತಗಾರನು ಗುರುತಿಸಿದನೆಂದರೆ ಹೆಚ್ಚು ಸರಿಯಾದೀತು.

ಕ್ಯಾಸಲನು ಸುಮ್ಮನಿರಲಿಲ್ಲ. 1961ರ ‘ಹೋಮಿಸೈಡಲ್’ ಚಿತ್ರದ ಕೊನೆಯ ಭಾಗದಲ್ಲಿ ತೆರೆಯ ಮೇಲೆ ಗಡಿಯಾರವೊಂದು ಕಾಣಿಸಿಕೊಂಡು 45 ಸೆಕೆಂಡುಗಳ ವಿರಾಮವನ್ನು ಕೊಡುತ್ತಿತ್ತು. ಅಷ್ಟರೊಳಗೆ ಹೆದರಿ ಎದ್ದುಹೋಗುವವರಿಗೆ ಟಿಕೇಟಿನ ಹಣವನ್ನು ಹಿಂದಕ್ಕೆ ಕೊಡುವ ವಾಗ್ದಾನವಿತ್ತು. ಮೊದಲ ಆಟವನ್ನು ಪೂರ್ತಿ ನೋಡಿ, ಎರಡನೆಯ ಆಟದ ವಿರಾಮದಲ್ಲಿ ಎದ್ದು ಹಣ ಕೇಳುವ ಜಾಣರು ಕೂಡಲೇ ಹುಟ್ಟಿಕೊಂಡರು. ಇದಕ್ಕೆ ಕ್ಯಾಸಲನು ಪ್ರತಿ ಆಟಕ್ಕೂ ಬೇರೆ ಬಣ್ಣದ ಟಿಕೇಟನ್ನು ಮಾಡಿಸಿದನು. ಅದಲ್ಲದೆ ಹಜಾರದಲ್ಲಿ ‘ಹೇಡಿಗಳ ಮೂಲೆ’ ಎಂಬ ಹಳದಿಯ ಗೂಡೊಂದನ್ನು ಕಟ್ಟಿಸಿದನು. ಅಮೆರಿಕನ್ನರಲ್ಲಿ ಹಳದಿಯು ಹೇಡಿತನದ ಬಣ್ಣ. ಹಣ ಬೇಕಾದವನು ಎಲ್ಲರೆದುರಿಗೆ ಹಳದಿ ಗುರುತಿನ ಜಾಡಿನಲ್ಲಿ ನಡೆದು, ಹಳದಿ ಬೆಳಕಿನಲ್ಲಿ ನಿಂತು, ದಾದಿಯಿಂದ ರಕ್ತದೊತ್ತಡವನ್ನು ನೋಡಿಸಿಕೊಂಡು, ತಾನು ಹೇಡಿಯೆಂಬ ಪತ್ರಕ್ಕೆ ರುಜುಹಾಕಬೇಕಾಗಿತ್ತು. ಹಣದಾಸೆಗಿಂತ ಮಾನದ ಅಂಜಿಕೆಯು ಬಲವಾದುದೆಂಬ ಲೋಕಾನುಭವವು ಅವನ ಪೆಟ್ಟಿಗೆಯನ್ನು ಕಾಯಿತು.

ಅದೇ ವರ್ಷದ ‘ಮಿಸ್ಟರ್ ಸಾರ್ಡೋನಿಕಸ್’ ಚಿತ್ರದಲ್ಲಿ ಪ್ರೇಕ್ಷಕರಿಗೆ ಹೆಬ್ಬೆರಳಿನ ಚಿತ್ರವಿದ್ದ ಚೀಟಿಗಳನ್ನು ಹಂಚಲಾಯಿತು. ಚಿತ್ರದ ಕೊನೆಯಲ್ಲಿ ಕ್ಯಾಸಲನು ತೆರೆಯ ಮೇಲೆ ಬಂದು, ದುಷ್ಟನಾಯಕನಿಗೆ ಕ್ಷಮೆಯೋ ಶಿಕ್ಷೆಯೋ ಎಂದು ಕೇಳುತ್ತಿದ್ದನು. ಜನರು ಹೆಬ್ಬೆರಳನ್ನು ಮೇಲಕ್ಕಾಗಲಿ ಕೆಳಕ್ಕಾಗಲಿ ತಿರುಗಿಸಿ ಹಿಡಿಯಬೇಕು. ಅವನು ಎಣಿಸಿದಂತೆ ನಟಿಸಿ ತೀರ್ಪು ಹೇಳುವನು. ತೀರ್ಪು ಯಾವಾಗಲೂ ಶಿಕ್ಷೆಯೇ ಆಗಿತ್ತು. ಎರಡು ಮುಕ್ತಾಯಗಳನ್ನೂ ತೆಗೆದಿದ್ದೆನೆಂದು ಕ್ಯಾಸಲನು ಹೇಳಿಕೊಂಡನು. ಕ್ಷಮೆಯ ಮುಕ್ತಾಯವಾದರೋ ಇಂದಿನವರೆಗೆ ಬೆಳಕಿಗೆ ಬಂದಿಲ್ಲ. ಜನಸಮೂಹವು ಕತ್ತಲಲ್ಲಿ ಕುಳಿತಾಗ ಕರುಣೆಯನ್ನು ಆರಿಸಲಾರದೆಂದು ಅವನು ಲೆಕ್ಕಹಾಕಿದ್ದನೆಂದು ತೋರುತ್ತದೆ. ಅವನ ಆಟಗಳೆಲ್ಲವುಗಳಲ್ಲಿ ಇದೊಂದರ ಹಿಂದೆ ಕಹಿಯಾದ ಸತ್ಯವಿದೆ: ಮತವನ್ನು ಕೇಳಿದಂತೆ ನಟಿಸುವುದೂ, ಮೊದಲೇ ಸಿದ್ಧವಾದ ಫಲವನ್ನು ಸಾರುವುದೂ ಚಿತ್ರಮಂದಿರಕ್ಕೆ ಮಾತ್ರ ಮೀಸಲಾದ ಸಂಗತಿಯಲ್ಲ.

ಇಷ್ಟು ಕೀರ್ತಿ ಪಡೆದವನಿಗೆ ಆ ಕೀರ್ತಿಯೇ ಮುಂದೆ ಅಡ್ಡಗೋಡೆಯಾಯಿತು. ಐರಾ ಲೆವಿನ್ ಬರೆದ ‘ರೋಸ್‌ಮೇರೀಸ್ ಬೇಬಿ’ ಕಾದಂಬರಿಯ ಹಕ್ಕುಗಳನ್ನು ಕ್ಯಾಸಲನು ಕೊಂಡುಕೊಂಡನು. ಈ ಸಲ ಬೆಡಗುಬಿನ್ನಾಣಗಳಿಲ್ಲದೆ ಘನವಾದ ಚಿತ್ರವನ್ನು ತಾನೇ ನಿರ್ದೇಶಿಸಬೇಕೆಂಬುದು ಅವನ ಹಂಬಲವಾಗಿತ್ತು. ಪ್ಯಾರಮೌಂಟ್ ಸಂಸ್ಥೆಯು ಅದಕ್ಕೆ ಒಪ್ಪದೆ ರೋಮನ್ ಪೊಲಾನ್‌ಸ್ಕಿಯನ್ನು ನಿರ್ದೇಶಕನಾಗಿ ಗೊತ್ತುಮಾಡಿತು. ಕ್ಯಾಸಲನು ನಿರ್ಮಾಪಕನಾಗಿ ಉಳಿದು, ಟೆಲಿಫೋನ್ ಗೂಡಿನ ಹೊರಗೆ ಕಾಯುವ ಮನುಷ್ಯನಾಗಿ ಒಂದು ಕ್ಷಣ ತೆರೆಯ ಮೇಲೆ ಕಾಣಿಸಿಕೊಳ್ಳುತ್ತಾನೆ. 1968ರಲ್ಲಿ ಬಂದ ಆ ಚಿತ್ರವು ಶ್ರೇಷ್ಠವೆನಿಸಿತು. ಅದರಲ್ಲಿ ಅಸ್ಥಿಪಂಜರವೂ ಇಲ್ಲ, ನಡುಗುವ ಆಸನವೂ ಇಲ್ಲ. ಜೀವಮಾನವೆಲ್ಲ ಬಾಗಿಲ ಹೊರಗೆ ನಿಂತು ಜನರನ್ನು ಕರೆದವನು, ಒಳಗಿನ ಪೂಜೆಯ ಹೊತ್ತಿಗೆ ಹೊರಗೇ ಉಳಿಯಬೇಕಾಯಿತು. 1975ರ ‘ಬಗ್’ ಚಿತ್ರಕ್ಕಾಗಿ ಜಿರಳೆಯೊಂದಕ್ಕೆ ಹತ್ತು ಲಕ್ಷ ಡಾಲರುಗಳ ವಿಮೆ ಮಾಡಿಸಿದನೆಂದು ಸಾರಿದ್ದೇ ಅವನ ಕೊನೆಯ ಡಂಗುರವಾಯಿತು. 1977ರ ಮೇ 31ರಂದು ಅವನು ತೀರಿಕೊಂಡನು.

ಕ್ಯಾಸಲನ ಕಾಲವು ಮುಗಿದರೂ ಅವನ ವಿದ್ಯೆಯು ಮುಗಿಯಲಿಲ್ಲ. ಭಾರತದಲ್ಲಿ 2008ರಲ್ಲಿ ರಾಮ್ ಗೋಪಾಲ್ ವರ್ಮಾ ಅವರ ‘ಫೂಂಕ್’ ಎಂಬ ಹಿಂದಿ ಚಿತ್ರವು ಬಂದಾಗ, ಅದನ್ನು ಚಿತ್ರಮಂದಿರದಲ್ಲಿ ಒಬ್ಬಂಟಿಯಾಗಿ ಕುಳಿತು ನೋಡಬಲ್ಲವರಿಗೆ 5 ಲಕ್ಷ ರೂಪಾಯಿಗಳ ಬಹುಮಾನವನ್ನು ಸಾರಲಾಯಿತು. ಕನ್ನಡದ ನಟ ಸುದೀಪ್ ಅವರು ಆ ಚಿತ್ರದ ನಾಯಕಪಾತ್ರವನ್ನು ವಹಿಸಿದ್ದರು. ವಿಮೆಯು ಪಂದ್ಯವಾಗಿ ರೂಪಾಂತರ ಹೊಂದಿತೇ ಹೊರತು ಮೂಲತತ್ವವು ಒಂದೇ.

ಇದಕ್ಕೂ ಮೊದಲು 1999ರಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗವೊಂದು ಬೇರೆ ಜಾತಿಯದು. ಡೇನಿಯಲ್ ಮಿರಿಕ್ ಮತ್ತು ಎಡ್ವಾರ್ಡೋ ಸಾಂಚೆಜ್ ಎಂಬ ತರುಣರು ಅತ್ಯಲ್ಪ ವೆಚ್ಚದಲ್ಲಿ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಎಂಬ ಚಿತ್ರವನ್ನು ತೆಗೆದರು. 1994ರಲ್ಲಿ ಮೇರಿಲ್ಯಾಂಡಿನ ಕಾಡಿನಲ್ಲಿ ಕಾಣೆಯಾದ ಮೂವರು ವಿದ್ಯಾರ್ಥಿಗಳು ತೆಗೆದಿದ್ದ ಚಿತ್ರಸುರುಳಿಗಳು ಮುಂದೆ ದೊರೆತುವೆಂಬುದು ಕಥೆ. ನಟರು ತಮ್ಮ ನಿಜವಾದ ಹೆಸರುಗಳಿಂದಲೇ ಅಭಿನಯಿಸಿದ್ದರು. ಆಗತಾನೆ ಮನೆಮನೆಗೆ ಬರುತ್ತಿದ್ದ ಅಂತರ್ಜಾಲದಲ್ಲಿ ಆ ಮಾಟಗಾತಿಯ ಕಲ್ಪಿತ ಇತಿಹಾಸವನ್ನೂ ಪೋಲೀಸರ ಕಡತಗಳೆಂಬ ಚಿತ್ರಗಳನ್ನೂ ಪ್ರಕಟಿಸಲಾಯಿತು. ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ, ಕಾಣೆಯಾದವರನ್ನು ಹುಡುಕಿಕೊಡಿರೆಂಬ ಪತ್ರಗಳನ್ನು ಅಂಟಿಸಲಾಯಿತು. ಚಲಚ್ಚಿತ್ರಗಳ ಮಾಹಿತಿಕೋಶದಲ್ಲಿ ನಟರ ಹೆಸರಿನ ಮುಂದೆ ಕಾಣೆಯಾಗಿದ್ದಾರೆ, ಸತ್ತಿರಬಹುದು ಎಂದು ನಮೂದಾಯಿತು. ಆರ್ಟಿಸನ್ ಸಂಸ್ಥೆಯು ಸುಮಾರು 11 ಲಕ್ಷ ಡಾಲರಿಗೆ ಕೊಂಡ ಆ ಚಿತ್ರವು ಲೋಕದಾದ್ಯಂತ ಸುಮಾರು 24 ಕೋಟಿ 80 ಲಕ್ಷ ಡಾಲರುಗಳನ್ನು ತಂದುಕೊಟ್ಟಿತು.

ಪ್ರಚಾರಕಲೆಯ ದೃಷ್ಟಿಯಿಂದ ಇಂಥ ಜಯವು ಮತ್ತೊಂದಿಲ್ಲ. ಆದರೆ ಇದರ ಬೆಲೆಯನ್ನು ತೆತ್ತವರು ಬೇರೆಯವರು. ನಾಯಿಕೆಯ ತಾಯಿಗೆ ಮಗಳು ಸತ್ತಳೆಂದು ಸಂತಾಪದ ಪತ್ರಗಳು ಬಂದುವು, ಮಗಳಾದರೋ ಜೀವಂತವಾಗಿದ್ದಳು. ಕಥೆಯು ನಡೆಯಿತೆನ್ನಲಾದ ಬರ್ಕಿಟ್ಸ್‌ವಿಲ್ ಎಂಬ ಪುಟ್ಟ ಊರಿಗೆ ಕುತೂಹಲಿಗಳು ಮುತ್ತಿಗೆಹಾಕಿ, ಊರಿನ ಹೆಸರಿದ್ದ ಫಲಕಗಳನ್ನೇ ಕದ್ದೊಯ್ದರು. ಸತ್ತವರೆಂದು ತೋರಬೇಕಾಗಿದ್ದರಿಂದ ಚಿತ್ರವು ಕೀರ್ತಿಯ ಶಿಖರದಲ್ಲಿದ್ದಾಗ ನಟರು ಮುಖವನ್ನು ಮರೆಸಿಕೊಂಡಿರಬೇಕಾಯಿತು. ಇಪ್ಪತ್ತೈದು ವರ್ಷಗಳ ತರುವಾಯ, 2024ರಲ್ಲಿ, ಆ ಮೂವರೂ ತಮಗೆ ನ್ಯಾಯವಾದ ಸಂಭಾವನೆಯು ಸಲ್ಲಬೇಕೆಂದು ಬಹಿರಂಗವಾಗಿ ಕೇಳಬೇಕಾಗಿ ಬಂದಿತು.

ಈ ಎರಡು ಬಗೆಯ ಉಪಾಯಗಳನ್ನು ಎದುರುಬದುರಾಗಿ ಇಟ್ಟು ನೋಡಿದರೆ ಭೇದವು ತಾನಾಗಿ ಗೋಚರವಾಗುತ್ತದೆ. ಬೆದರಿಕೆಯು ಎರಡರಲ್ಲಿಯೂ ಇದೆ. ಉತ್ಪ್ರೇಕ್ಷೆಯೂ ಎರಡರಲ್ಲಿ ಇದೆ. ಆದರೆ ವಿಮಾಪತ್ರವನ್ನು ಕೈಯಲ್ಲಿ ಹಿಡಿದವನಿಗೂ, ಅಸ್ಥಿಪಂಜರಕ್ಕೆ ಕವಣೆ ಬೀಸಿದ ಹುಡುಗನಿಗೂ ಇದು ಆಟವೆಂಬುದು ಗೊತ್ತಿತ್ತು. ಕೊಟ್ಟವನೂ ಪಡೆದವನೂ ಒಂದೇ ವಿನೋದದ ಪಾಲುಗಾರರು. ಸಂತಾಪಪತ್ರವನ್ನು ಬರೆದವನಿಗಾದರೋ ಅದು ಆಟವೆಂಬುದು ತಿಳಿದಿರಲಿಲ್ಲ. 1939ರಲ್ಲಿ ಸ್ಟೋನಿ ಕ್ರೀಕಿನ ಮುರಿದ ನಾಟಕಶಾಲೆಗೆ ಕನಿಕರಪಟ್ಟು ಬಂದವನಿಗೂ ತಿಳಿದಿರಲಿಲ್ಲ. ಮೊದಲನೆಯದು ಭಯವನ್ನು ರಸವಾಗಿ ಬಡಿಸಿತು. ಎರಡನೆಯದು ಕರುಣೆಯನ್ನು ಕಳವಾಗಿ ತೆಗೆದುಕೊಂಡಿತು. ಲಾಭವು ಎರಡನೆಯದರಲ್ಲಿ ಅಪಾರವಾಗಿರಬಹುದು. ಆದರೆ ಒಮ್ಮೆ ಮೋಸಹೋಗಿ ಕನಿಕರಪಟ್ಟವನು, ಇನ್ನೊಮ್ಮೆ ಗೋಡೆಯ ಮೇಲೆ ನಿಜವಾಗಿ ಕಾಣೆಯಾದವರ ಭಾವಚಿತ್ರವನ್ನು ಕಂಡಾಗ, ನಿಂತು ಓದುವನೋ ಮುಂದಕ್ಕೆ ನಡೆಯುವನೋ ಎಂಬುದನ್ನು ಯಾವ ವ್ಯಾಪಾರಿಯ ಲೆಕ್ಕವೂ ತೋರಿಸುವುದಿಲ್ಲ.

ಬಣ್ಣದ ವೇಷವು ಎಷ್ಟು ಅಬ್ಬರಿಸಿದರೂ ಬೆಳಗಿನ ಹೊತ್ತಿಗೆ ಮಂಗಳವನ್ನು ಹಾಡಿಯೇ ಆಟವನ್ನು ಮುಗಿಸುವುದು ಬಯಲಾಟದ ಸಂಪ್ರದಾಯ. ಅಂಜಿದವರೆಲ್ಲರೂ ಸುಕ್ಷೇಮವಾಗಿ ಮನೆಗೆ ಮರಳಲೆಂಬ ಭಾವವು ಅದರಲ್ಲಿದೆ. ಭೀತಿಯನ್ನು ಮಾರುವವರು ಎಂಥ ನೂತನ ಯಂತ್ರಗಳನ್ನು ಹೂಡಿದರೂ ಆ ಮಂಗಳದ ಹೊಣೆಯು ಅವರಿಗೆ ತಪ್ಪಿದ್ದಲ್ಲ.